ಚಟ್ನಿಪುಡಿಗೆ ಬಂದ ಅನಿರೀಕ್ಷಿತ ಬೇಡಿಕೆ: ಒಂದು ಪ್ರತಿಕ್ರಿಯೆ

ನಮಸ್ಕಾರ. ಮನೆಬಳಕೆಗೆಂದು ಅರ್ಧ ಕಿಲೋ ಪೊಟ್ಟಣದಲ್ಲಿ ಶೇಂಗಾ ಚಟ್ನಿಪುಡಿ ಮಾರುವ ಯೋಜನೆ ಹಾಕಿಕೊಂಡಿದ್ದೀರಿ. ಈಗ ಹಾಸ್ಟೆಲ್ ಹುಡುಗರು ಚಿಕ್ಕ ಪೊಟ್ಟಣ ಕೇಳುತ್ತಿದ್ದಾರೆ, ಮೂಲ ಯೋಜನೆ ಬಿಡಬೇಕೇ ಎಂದು ಕೇಳಿದ್ದೀರಿ. ಬಿಡಬೇಡಿ. ಆದರೆ ಆ ಹುಡುಗರನ್ನು ಬರಿಗೈಯಲ್ಲಿ ಕಳಿಸಲೂ ಬೇಡಿ.

ಬೆಂಗಳೂರಿನ ಎಂ.ಟಿ.ಆರ್. 1924ರಲ್ಲಿ ಶುರುವಾದ ಹೋಟೆಲ್. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದೇ ಹಾಗೆ ಎಂದು ಹೋಟೆಲಿನವರು ಹೇಳುತ್ತಾರೆ. 1975ರ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆಗೆ ಕಡಿವಾಣ ಹಾಕಿತು. ಗುಣಮಟ್ಟ ಇಳಿಸದೆ ಆ ದರಕ್ಕೆ ಬಡಿಸಿದರೆ ನಷ್ಟ. ಅವರು ಸಿದ್ಧ ಮಿಶ್ರಣಗಳ ಮಾರಾಟಕ್ಕೆ ಇಳಿದದ್ದು ಆಗಲೇ. ಆ ಪೊಟ್ಟಣಗಳ ವ್ಯವಹಾರವೇ ಬೆಳೆದು, 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಅದನ್ನು ಕೊಂಡಿತು. ನನಗೆ ಇದರಲ್ಲಿ ಬಹಳ ಹಿಡಿಸುವುದು ಒಂದೇ ಸಂಗತಿ: ಅಡ್ಡಿ ಬಂದಾಗಲೂ ಅವರು ತಮಗೆ ಗೊತ್ತಿದ್ದ ರುಚಿಯನ್ನು ಬಿಡಲಿಲ್ಲ, ಮಾರುವ ರೂಪವನ್ನು ಬದಲಿಸಿದರು.

ನೀವೂ ಆ ಹುಡುಗರನ್ನು ಕೂರಿಸಿ ಕೇಳಿ. ಪುಡಿಯನ್ನು ಮೆಸ್ಸಿನ ಚಪಾತಿಗೆ ಹಚ್ಚಿಕೊಳ್ಳುತ್ತಾರೋ, ಅನ್ನಕ್ಕೋ? ತೆರೆದಿಟ್ಟ ಶೇಂಗಾ ಪುಡಿ ಬೇಗ ಕಮಟು ವಾಸನೆ ಹಿಡಿಯುತ್ತದೆ. ಚಿಕ್ಕ ಪೊಟ್ಟಣ ಕೇಳಲು ಅದೇ ಕಾರಣವಿದ್ದರೆ ಮನೆಯವರಿಗೂ ಆ ತೊಂದರೆ ಇದ್ದೀತು. ‘ಇಲ್ಲ’ ಎಂದು ವಾಪಸು ಕಳಿಸಿದ ಪ್ರತಿ ಬೇಡಿಕೆಯನ್ನೂ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ಸದ್ಯಕ್ಕೆ ಒಂದು ಸಲದ ಹುರಿತದಲ್ಲಿ ಸ್ವಲ್ಪ ಪಾಲನ್ನು ಮಾತ್ರ ಚಿಕ್ಕದಾಗಿ ಕಟ್ಟಿ ನೋಡಿ. ಕವರು, ಸೀಲಿಂಗ್ ಖರ್ಚು ಹೆಚ್ಚಾಗುತ್ತದೆ, ಅದನ್ನು ಸೇರಿಸಿಯೇ ದರ ಹೇಳಿ.