ಆಟದಂಗಳದ ಪ್ರಶ್ನೆಗಳು: ಚೌಕದಲ್ಲಿ ಕುಳಿತವಳ ಎರಡು ವರ್ಷ

ಪ್ರಶ್ನೆ: ನನ್ನ ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾಳೆ. ಎಂಟನೆಯ ತರಗತಿಯಿಂದಲೂ ಶಾಲೆಯ ಖೋ ಖೋ ತಂಡದಲ್ಲಿದ್ದಾಳೆ. ಆದರೆ ಬೆನ್ನಟ್ಟುವ ಸರದಿಯಲ್ಲಿ ಅವಳನ್ನು ಯಾವಾಗಲೂ ನಡುವಿನ ಚೌಕದಲ್ಲಿಯೇ ಕೂರಿಸುತ್ತಾರೆ. ಓಡುವ ಸರದಿಯಲ್ಲಿ ಮೂವರ ಗುಂಪುಗಳು ಒಂದಾದ ಮೇಲೊಂದು ಅಂಗಳಕ್ಕೆ ಇಳಿಯುತ್ತವೆ, ಅವಳ ಹೆಸರು ಮೂರನೆಯ ಗುಂಪಿನಲ್ಲಿರುತ್ತದೆ. ಅವಳ ಸರದಿ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ತಾಲ್ಲೂಕು ಮಟ್ಟದಲ್ಲಿ ಗೆದ್ದಾಗ ಎಲ್ಲರೂ ಹೊಗಳಿದ್ದು ಓಡಿದ ಹುಡುಗಿಯರನ್ನು. ಮನೆಗೆ ಬಂದು ಅತ್ತಳು. ಅವಳನ್ನು ಈ ತಂಡದಿಂದ ಬಿಡಿಸಿ, ಅವಳ ಶ್ರಮ ಅವಳ ಹೆಸರಿನಲ್ಲಿಯೇ ಕಾಣುವ ಓಟದ ಸ್ಪರ್ಧೆಗಳಿಗೆ ಸೇರಿಸಲೇ? (ತಾಯಿ, ದಾವಣಗೆರೆ ಜಿಲ್ಲೆ)

ಉತ್ತರ: ಮೂವತ್ತು ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ನನಗೆ ಈ ಅಳು ಚೆನ್ನಾಗಿ ಪರಿಚಿತ. ಅದನ್ನು ಹಗುರವಾಗಿ ಕಾಣಬೇಡಿ. ಆದರೆ ತಂಡದಿಂದ ಬಿಡಿಸುವ ತೀರ್ಮಾನವನ್ನೂ ಈಗಲೇ ಮಾಡಬೇಡಿ.

ಆಟದ ನಿಯಮವನ್ನೇ ಒಮ್ಮೆ ಗಮನಿಸಿ. ಎಂಟು ಮಂದಿ, ಒಬ್ಬರು ಒಂದು ದಿಕ್ಕಿಗೆ ಮುಖ ಮಾಡಿದರೆ ಪಕ್ಕದವರು ಅದರ ಎದುರು ದಿಕ್ಕಿಗೆ ಮುಖ ಮಾಡಿ, ಸಾಲಾಗಿ ಚೌಕಗಳಲ್ಲಿ ಕೂರುತ್ತಾರೆ, ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಓಡುವವಳು ಕುಳಿತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಬೆನ್ನಟ್ಟುವವಳಾದರೋ ನಡುಗೆರೆಯನ್ನು ದಾಟುವಂತಿಲ್ಲ, ಒಮ್ಮೆ ಹಿಡಿದ ದಿಕ್ಕನ್ನು ಸಾಲಿನ ತುದಿಯ ಕಂಬದವರೆಗೆ ಹೋಗದೆ ಬದಲಿಸುವಂತಿಲ್ಲ. ಹೀಗಾಗಿ ಅವಳೊಬ್ಬಳೇ ಎಷ್ಟು ವೇಗವಾಗಿ ಓಡಿದರೂ ಚುರುಕಾದ ಎದುರಾಳಿ ಕೈಗೆ ಸಿಗುವುದಿಲ್ಲ. ಕುಳಿತವಳ ಹಿಂದಿನಿಂದ ಬಂದು, ಅವಳನ್ನು ಮುಟ್ಟಿ, ‘ಖೋ’ ಎಂದು ಗಟ್ಟಿಯಾಗಿ ಹೇಳಿ, ತಾನು ಆ ಚೌಕದಲ್ಲಿ ಕೂರಬೇಕು; ಆ ಕ್ಷಣದಿಂದ ಬೇಟೆ ಎದ್ದವಳದು. ಖೋ ಸಿಗುವ ಮೊದಲೇ ಎದ್ದರೆ ತಪ್ಪು, ಸಿಕ್ಕ ಮೇಲೆ ತಡವಾಗಿ ಎದ್ದರೆ ಎದುರಾಳಿ ಪಾರು. ಓಡುವ ಹುಡುಗಿಯರು ಹೆಚ್ಚಾಗಿ ನುಸುಳುವುದು ನಡುವಿನ ಚೌಕಗಳ ಆಸುಪಾಸಿನಲ್ಲಿಯೇ ಆದ್ದರಿಂದ, ಅಲ್ಲಿ ಕುಳಿತವಳಿಗೆ ಅರೆಕ್ಷಣವೂ ಬಿಡುವಿಲ್ಲ. ನಾನು ತಂಡ ಕಟ್ಟುತ್ತಿದ್ದಾಗ ಆ ಚೌಕಗಳಿಗೆ ಆರಿಸುತ್ತಿದ್ದದ್ದು ತಲೆ ತಣ್ಣಗಿರುವ ಹುಡುಗಿಯರನ್ನೇ. ನಿಮ್ಮ ಮಗಳ ಶಿಕ್ಷಕರೂ ಹಾಗೆಯೇ ಯೋಚಿಸಿರಬಹುದು. ಆದರೆ ಅದನ್ನು ಅವಳಿಗೆ ಬಾಯಿಬಿಟ್ಟು ಹೇಳಿದಂತೆ ಕಾಣುವುದಿಲ್ಲ.

ನನ್ನ ತಂಡದಲ್ಲಿದ್ದ ಒಬ್ಬ ಹುಡುಗಿಯ ನೆನಪಾಗುತ್ತದೆ. ಎಂಟನೆಯ ತರಗತಿಯಲ್ಲಿ ಹಾಜರಿ ಕೂಗಿದರೆ ಉತ್ತರ ಮುಂದಿನ ಬೆಂಚಿನವರೆಗೂ ಕೇಳಿಸುತ್ತಿರಲಿಲ್ಲ. ಅವಳ ಖೋ ಅಂಪೈರಿಗೆ ಕೇಳಿಸದೆ ಎಷ್ಟೋ ಬಾರಿ ತಪ್ಪು ಎಂದು ಸೀಟಿ ಬಿದ್ದದ್ದುಂಟು. ಒಂದೂವರೆ ವರ್ಷ ಅವಳು ನಾಲ್ಕನೆಯ ಚೌಕದಲ್ಲಿಯೇ ಕುಳಿತಳು. ಬೆಳಗಿನ ಏಳು ಗಂಟೆಯ ಅಭ್ಯಾಸದಲ್ಲಿ ಮಣ್ಣು ಇನ್ನೂ ತಣ್ಣಗಿರುವಾಗ, ಎರಡೂ ಅಂಗೈಗಳನ್ನು ನೆಲಕ್ಕೂರಿ, ಭಾರವನ್ನೆಲ್ಲ ಮುಂಗಾಲಿಗೆ ತಂದು, ಓಡುವವಳ ಪಾದವನ್ನು ನೋಡದೆ ಸೊಂಟವನ್ನು ನೋಡುವುದನ್ನು ಕಲಿತಳು. ಪಾದ ಮೋಸ ಮಾಡುತ್ತದೆ, ಸೊಂಟ ತಿರುಗಿದ ಕಡೆಗೇ ದೇಹ ಹೋಗುತ್ತದೆ. ಒಂದು ಜಿಲ್ಲಾ ಪಂದ್ಯದಲ್ಲಿ ಮೊದಲ ಸರದಿ ಮುಗಿದು ನೀರು ಕುಡಿಯುತ್ತಿದ್ದಾಗ ಅವಳಾಗಿಯೇ ನಾಯಕಿಯ ಹತ್ತಿರ ಬಂದು, ‘ಆ ಉದ್ದ ಜಡೆಯವಳು ಎಡಕ್ಕೆ ಆಡಿಸಿ ಪ್ರತಿ ಸಲವೂ ನನ್ನ ಬಲಕ್ಕೇ ನುಸುಳುತ್ತಾಳೆ, ನನಗೆ ಖೋ ಕೊಡಬೇಡಿ, ಐದನೆಯವಳಿಗೆ ಕೊಡಿ’ ಎಂದಳು. ಎರಡನೆಯ ಸರದಿಯಲ್ಲಿ ಹಾಗೆಯೇ ಮಾಡಿದರು, ಎದುರಾಳಿ ಔಟಾದಳು. ಅಂಕಪಟ್ಟಿಯಲ್ಲಿ ಇವಳ ಹೆಸರಿನ ಮುಂದೆ ಏನೂ ಬರಲಿಲ್ಲ. ಆದರೆ ಉಳಿದ ಎಂಟು ಮಂದಿಯೂ ಅಂದಿನಿಂದ ಸರದಿ ಶುರುವಾಗುವ ಮೊದಲು ಅವಳ ಮುಖ ನೋಡತೊಡಗಿದರು. ಮಾರನೆಯ ವರ್ಷ ಅವಳೇ ನಾಯಕಿಯಾದಳು. ನಾನು ಅವಳ ಬೆಳವಣಿಗೆಯನ್ನು ಲೆಕ್ಕ ಹಾಕುವುದು ಆ ನೀರು ಕುಡಿಯುವ ಹೊತ್ತಿನಿಂದ, ನಾಯಕಿಯಾದ ದಿನದಿಂದಲ್ಲ.

ಆದ್ದರಿಂದ ಪಂದ್ಯ ಮುಗಿಸಿ ಬಂದ ಮಗಳನ್ನು ‘ಎಷ್ಟು ಜನರನ್ನು ಔಟ್ ಮಾಡಿದೆ’ ಎಂದು ಕೇಳುವ ಬದಲು, ‘ಇವತ್ತು ಯಾರು ಹೇಗೆ ಓಡಿದರು, ನಿನಗೇನು ಕಾಣಿಸಿತು’ ಎಂದು ಕೇಳಿ ನೋಡಿ. ಅವಳು ಹತ್ತು ನಿಮಿಷ ನಿಲ್ಲಿಸದೆ ಮಾತನಾಡಿದರೆ, ಅವಳು ಆಟದೊಳಗೆ ಇದ್ದಾಳೆ ಎಂದು ತಿಳಿಯಿರಿ.

ಹಾಗೆಂದು ಓಡುವ ಅವಳ ಆಸೆಯನ್ನು ಬದಿಗೊತ್ತಬಾರದು. ಈ ವರ್ಷದ ಪಂದ್ಯಗಳು ಮುಗಿದ ಮೇಲೆ, ಅವಳೇ ಶಿಕ್ಷಕರ ಬಳಿ ಹೋಗಿ, ‘ನಾನು ಎರಡನೆಯ ಗುಂಪಿನಲ್ಲಿ ಓಡಬೇಕಾದರೆ ಏನನ್ನು ಸುಧಾರಿಸಿಕೊಳ್ಳಬೇಕು’ ಎಂದು ಕೇಳಲಿ. ಅವಳ ಪರವಾಗಿ ನೀವು ಕೇಳಬೇಡಿ. ಅಭ್ಯಾಸದಲ್ಲಿಯೂ ಸದಾ ಅದೇ ಆರು ಮಂದಿಯನ್ನು ಓಡಿಸಿ ಉಳಿದವರನ್ನು ಕೂರಿಸುತ್ತಿದ್ದರೆ ಅದು ಶಿಕ್ಷಕರ ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ಓಟದ ಸ್ಪರ್ಧೆಗೂ ಅವಳು ಹೆಸರು ಕೊಡಬಹುದು. 400 ಮತ್ತು 800 ಮೀಟರ್ ಓಟದ ಅಭ್ಯಾಸ ಖೋ ಖೋ ಆಟಗಾರ್ತಿಗೆ ಉಸಿರು ಕೊಡುತ್ತದೆ. ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ಇನ್ನೊಂದು ಮಾತು. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಜನವರಿ 19ರ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ನಿಮ್ಮ ಊರಿನಂಥದೇ ಊರು. ಮಗಳಿಗೆ ಆ ಪಂದ್ಯದ ದೃಶ್ಯಗಳನ್ನು ತೋರಿಸಿ, ಓಡುವವರ ಜೊತೆಗೆ ಕುಳಿತವರನ್ನೂ ನೋಡಲು ಹೇಳಿ.

ಪ್ರಶ್ನೆ: ಮಗನಿಗೆ ಹದಿಮೂರು ವರ್ಷ, ಶಾಲೆಯ ವಾಲಿಬಾಲ್ ತಂಡದಲ್ಲಿದ್ದಾನೆ. ಎರಡು ತಿಂಗಳಿಂದ ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಊದಿಕೊಂಡು ನೋಯುತ್ತದೆ. ಆಟ ನಿಲ್ಲಿಸಬೇಕೆ? (ತಂದೆ, ಶಿರಸಿ)

ಉತ್ತರ: ಮೊದಲು ಮೂಳೆ ವೈದ್ಯರಿಗೆ ತೋರಿಸಿ. ಈ ವಯಸ್ಸಿನಲ್ಲಿ, ನೀವು ಹೇಳಿದ ಜಾಗದಲ್ಲಿಯೇ ಬರುವ ನೋವು ಹಲವು ಬಾರಿ ಆಸ್‌ಗುಡ್–ಷ್ಲಾಟರ್ ಎಂಬ ತೊಂದರೆಯಾಗಿರುತ್ತದೆ. ಮಕ್ಕಳು ದಿಢೀರನೆ ಎತ್ತರ ಬೆಳೆಯುವ ವರ್ಷಗಳಲ್ಲಿ, ತೊಡೆಯ ಮುಂಭಾಗದ ಸ್ನಾಯು ಮಂಡಿಯ ಮೂಲಕ ಅದರ ಕೆಳಗಿನ ಮೂಳೆಗೆ ಅಂಟಿಕೊಳ್ಳುವ ಜಾಗ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಪದೇ ಪದೇ ಜಿಗಿದಾಗ ಆ ಜಾಗ ಎಳೆತಕ್ಕೆ ಸಿಕ್ಕಿ ಊದಿಕೊಳ್ಳುತ್ತದೆ. ಸಾಮಾನ್ಯವಾಗಿ ಬೆಳವಣಿಗೆ ನಿಂತ ಮೇಲೆ ನೋವು ತಾನಾಗಿ ಹೋಗುತ್ತದೆ. ವೈದ್ಯರು ಅದೇ ಎಂದು ಹೇಳಿದರೆ ಜಿಗಿತವನ್ನು ಕಡಿಮೆ ಮಾಡಿ, ಸರ್ವಿಸ್ ಮತ್ತು ಪಾಸಿಂಗ್ ಅಭ್ಯಾಸವನ್ನು ಮುಂದುವರಿಸಬಹುದು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಅಥವಾ ಕಾಲೂರಲು ಆಗದ ಸ್ಥಿತಿ ಇದ್ದರೆ ಒಂದು ದಿನವೂ ತಡಮಾಡಬೇಡಿ. ನೋವು ನಿವಾರಕ ನುಂಗಿಸಿ ಪಂದ್ಯಕ್ಕೆ ಇಳಿಸುವುದನ್ನಂತೂ ಯಾರು ಹೇಳಿದರೂ ಒಪ್ಪಬೇಡಿ.

ಪ್ರಶ್ನೆ: ನಮ್ಮ ಬಾಲಕಿಯರ ತಂಡ ಮೊದಲಾರ್ಧದಲ್ಲಿ ಚೆನ್ನಾಗಿ ಆಡಿ ಆಮೇಲೆ ಕುಸಿಯುತ್ತದೆ. ಅಭ್ಯಾಸ ಹೆಚ್ಚಿಸಿದರೂ ಪ್ರಯೋಜನವಾಗಿಲ್ಲ. (ಶಿಕ್ಷಕಿ, ರಾಯಚೂರು ಜಿಲ್ಲೆ)

ಉತ್ತರ: ಅಭ್ಯಾಸ ಹೆಚ್ಚಿಸುವುದನ್ನು ನಿಲ್ಲಿಸಿ, ಬೆಳಿಗ್ಗೆ ಎಷ್ಟು ಮಂದಿ ಏನನ್ನಾದರೂ ತಿಂದು ಬಂದಿದ್ದಾರೆ ಎಂದು ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಲ್ಲರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಈ ವಯಸ್ಸಿನ ಹುಡುಗಿಯರಲ್ಲಿ ಅದು 100 ಮಿಲಿಲೀಟರ್ ರಕ್ತದಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಅರ್ಥ, ಮತ್ತು ರಕ್ತಹೀನತೆ ಇರುವ ಮಗುವನ್ನು ಎಷ್ಟು ಓಡಿಸಿದರೂ ಉಸಿರು ಬೆಳೆಯುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಹುಡುಗಿಯರು ಹೊಟ್ಟೆ ತೊಳಸುತ್ತದೆಂದು ಎಸೆಯುವುದುಂಟು. ಊಟವಾದ ಮೇಲೆ, ನಿಮ್ಮ ಎದುರಿಗೇ ನುಂಗುವಂತೆ ನೋಡಿಕೊಳ್ಳಿ. ಮಾತ್ರೆಯ ಹಿಂದೆಯೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣು, ನೆಲ್ಲಿಕಾಯಿ ಅದಕ್ಕೆ ಸಹಾಯ ಮಾಡುತ್ತವೆ. ಮುಟ್ಟಿನ ದಿನಗಳಲ್ಲಿ ಆಡಬೇಕೋ ಬೇಡವೋ ಎಂಬುದನ್ನು ಆಯಾ ಹುಡುಗಿಯೇ ನಿರ್ಧರಿಸಲಿ, ಅದನ್ನು ಹೇಳಲು ಅವಳು ನಾಚಿಕೊಳ್ಳದಂತಹ ವಾತಾವರಣವನ್ನು ನೀವು ಕಟ್ಟಬಲ್ಲಿರಿ.

ಪ್ರಶ್ನೆ: ನಾನು ಹತ್ತನೆಯ ತರಗತಿ. ಕಬಡ್ಡಿಯಲ್ಲಿ ಕಾರ್ನರ್, ಅಂದರೆ ಮೂಲೆಯಲ್ಲಿ ನಿಂತು ಎದುರಾಳಿಯನ್ನು ಹಿಡಿಯುತ್ತೇನೆ. ನಮ್ಮ ತಂಡ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿದೆ. ಅಪ್ಪ ಈ ವರ್ಷ ಆಟ ಬೇಡ ಎನ್ನುತ್ತಿದ್ದಾರೆ. ಅವರು ನನ್ನ ಒಂದು ಪಂದ್ಯವನ್ನೂ ನೋಡಿಲ್ಲ. (ವಿದ್ಯಾರ್ಥಿ, ಮಂಡ್ಯ ಜಿಲ್ಲೆ)

ಉತ್ತರ: ಅಪ್ಪನ ಭಯ ಸಕಾರಣವಾದದ್ದು, ಅದನ್ನು ಮೊದಲು ಒಪ್ಪಿಕೊಳ್ಳಿ. ಆಮೇಲೆ ಅವರ ಮುಂದೆ ಒಂದು ಕ್ಯಾಲೆಂಡರ್ ಇಟ್ಟು ಕುಳಿತುಕೊಳ್ಳಿ. ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆ ನಡೆಯುವುದು ಮಾರ್ಚ್–ಏಪ್ರಿಲ್‌ನಲ್ಲಿ. ಜಿಲ್ಲಾ ಪಂದ್ಯ ಮುಗಿದ ಮೇಲೆ ಎಷ್ಟು ವಾರಗಳು ಉಳಿಯುತ್ತವೆ, ತಂಡ ಗೆದ್ದು ವಿಭಾಗ ಮಟ್ಟಕ್ಕೆ ಹೋದರೆ ಇನ್ನೆಷ್ಟು ದಿನ ತರಗತಿ ತಪ್ಪುತ್ತದೆ, ಆ ಪಾಠಗಳನ್ನು ಯಾರ ನೋಟ್ಸ್ ನೋಡಿ ಯಾವ ಭಾನುವಾರ ಮುಗಿಸುತ್ತೀರಿ ಎಂಬುದನ್ನು ಬರೆದು ತೋರಿಸಿ. ಗಣಿತ ಮತ್ತು ವಿಜ್ಞಾನದ ಶಿಕ್ಷಕರ ಹತ್ತಿರ ಮೊದಲೇ ಮಾತನಾಡಿ. ಬರೆದು ತೋರಿಸಿದ ಲೆಕ್ಕಕ್ಕೆ ನೀವೇ ತಪ್ಪಿದರೆ ಆಟ ನಿಲ್ಲಿಸುತ್ತೇನೆಂದು ಒಪ್ಪಿಕೊಳ್ಳಿ, ಮತ್ತು ಆ ಮಾತಿಗೆ ನಿಲ್ಲಿ.

ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ ಎಂದು ಅಪ್ಪನಿಗೆ ಆಸೆ ತೋರಿಸಿ ಒಪ್ಪಿಸಬೇಡಿ. ಅಲ್ಲಿನ ಸೀಟುಗಳು ಕಡಿಮೆ, ಅದಕ್ಕೆ ಬೇಕಾದ ಸಾಧನೆ ದೊಡ್ಡದು. ಪ್ರಮಾಣಪತ್ರಗಳನ್ನು ಮಾತ್ರ ಸಹಿ, ಮೊಹರು ಸರಿಯಾಗಿವೆಯೇ ಎಂದು ನೋಡಿ ಜೋಪಾನವಾಗಿಡಿ. ನಿಜವಾದ ಕಾರಣವನ್ನು ಹೇಳಿ. ಕಾರ್ನರ್‌ನಲ್ಲಿ ನಿಂತವನು ದಾಳಿಗೆ ಬಂದ ರೈಡರ್‌ನ ಕಾಲಿಗೆ ಬಿದ್ದರೆ, ಪಕ್ಕದವನು ಬಂದು ಕವರ್ ಕೊಡುತ್ತಾನೆಂಬ ನಂಬಿಕೆಯಿಂದಲೇ ಬೀಳುತ್ತಾನೆ. ಆ ನಂಬಿಕೆಯನ್ನು ನೀವು ಆರು ಮಂದಿಯೊಂದಿಗೆ ಎಷ್ಟು ಸಂಜೆ ಅಭ್ಯಾಸ ಮಾಡಿ ಗಳಿಸಿದ್ದೀರಿ ಎಂಬುದು ಹೊರಗಿನವರಿಗೆ ಮಾತಿನಲ್ಲಿ ತಿಳಿಯುವುದು ಕಷ್ಟ. ಜಿಲ್ಲಾ ಪಂದ್ಯದ ದಿನ ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಿ, ನೀವು ನಿಲ್ಲುವ ಮೂಲೆ ಕಾಣುವ ಕಡೆ ಅವರನ್ನು ಕೂರಿಸಿ.