ಕೆಲ್ಲರ್ ಇದೆ ಅಂತ ಎಲ್ಲವನ್ನೂ ಕೆಳಗೆ ಹಾಕಬೇಡಿ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಮೂರು ವಾರ ಆಯಿತು, 48 ಚದರ ಮೀಟರಿನ ಮನೆ, ಅಪ್ಪ ಪೀಣ್ಯದಲ್ಲಿ ಲೇತ್ ಕೆಲಸ ಮಾಡಿದವರು, ಅವರು ಕೊಟ್ಟ ಸ್ಪ್ಯಾನರ್ ಪೆಟ್ಟಿಗೆ, ಡ್ರಿಲ್ ಎಲ್ಲಾ ಎಲ್ಲಿಡಲಿ ಅಕ್ಕಾ ಅಂತ ಕೇಳಿದ್ದೀರಿ. ಬಾಲ್ಕನಿಯೋ, ಕೆಲ್ಲರೋ (ನೆಲಮಾಳಿಗೆಯ ಗೂಡು), ಮೆಟ್ಟಿಲ ಕೆಳಗೋ ಅನ್ನುವುದು ನಿಮ್ಮ ಪ್ರಶ್ನೆ. ಜೊತೆಗೆ ಅನ್ಮೆಲ್ಡುಂಗ್, ಅಂದರೆ ಮನೆ ವಿಳಾಸದ ನೋಂದಣಿ ಬಗ್ಗೆ, ಪ್ಲಗ್ ಬಗ್ಗೆಯೂ ಕೇಳಿದ್ದೀರಿ.

ಸಣ್ಣವನ್ನು ಮೊದಲು ಮುಗಿಸುತ್ತೇನೆ. ಅನ್ಮೆಲ್ಡುಂಗ್ ಮನೆಗೆ ಬಂದ ಎರಡು ವಾರದೊಳಗೆ ಆಗಬೇಕು. ನಿಮಗೆ ಆಗಲೇ ತಡವಾಗಿದೆ, ನಾಳೆಯೇ ಹೋಗಿ. ಕರೆಂಟು ನಮ್ಮದೇ ಥರ 230 ವೋಲ್ಟ್. ಊರಿನ ಮೂರು ಪಿನ್ ಇಲ್ಲಿ ಕೂರುವುದಿಲ್ಲ, ಅಡಾಪ್ಟರ್ ತಗೊಳ್ಳಿ. ಮೆಟ್ಟಿಲ ಕೆಳಗೆ ಮಾತ್ರ ಏನೂ ಇಡಬೇಡಿ. ಪಕ್ಕದವರು ಚಪ್ಪಲಿ ಸ್ಟ್ಯಾಂಡ್ ಇಟ್ಟಿದ್ದಾರೆ ಅಂತ ನೀವೂ ಇಡಬೇಡಿ. ಬೆಂಕಿ ಬಿದ್ದರೆ ಜನ ಓಡುವ ದಾರಿ ಅದು.

ಪೆಟ್ಟಿಗೆ ವಿಷಯಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಬರೆಯಬೇಕು.

ನಾನು ಬಂದದ್ದು 2003ರ ಅಕ್ಟೋಬರ್‌ನಲ್ಲಿ. ಯಜಮಾನರು ಎರಡು ತಿಂಗಳು ಮುಂಚೆ ಬಂದು ಮನೆ ಹಿಡಿದಿದ್ದರು. ಬಾಗಿಲು ತೆಗೆದರೆ ಅಡುಗೆಮನೆಯಲ್ಲಿ ಒಂದು ನಲ್ಲಿ, ಎರಡು ಪೈಪು, ಅಷ್ಟೇ. ಸಿಂಕೂ ಇಲ್ಲ, ಒಲೆಯೂ ಇಲ್ಲ. ಕೋಣೆಗಳಲ್ಲಿ ಚಾವಣಿಯಿಂದ ಬರೀ ವೈರು ನೇತಾಡುತ್ತಿತ್ತು. ಇಲ್ಲಿ ತುಂಬಾ ಮನೆಗಳು ಹೀಗೇ, ಹಿಂದಿನವರು ಹೋಗುವಾಗ ಅಡುಗೆಮನೆ, ದೀಪ ಎಲ್ಲಾ ಬಿಚ್ಚಿಕೊಂಡು ಹೋಗುತ್ತಾರೆ. ಇಡೀ ಮನೆಗೆ ಬಚ್ಚಲಿನಲ್ಲಿ ಮಾತ್ರ ಒಂದು ಬಲ್ಬು. ಬಚ್ಚಲ ಬಾಗಿಲು ತೆಗೆದಿಟ್ಟು, ಆ ಬೆಳಕಿನಲ್ಲಿ ನೆಲದ ಮೇಲೆ ಕೂತು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಗೆ ಬ್ರೆಡ್ಡು ಅದ್ದಿಕೊಂಡು ತಿಂದೆವು.

ಆದರೆ ನನ್ನ ಸೂಟ್‌ಕೇಸಿನಲ್ಲಿ ಅಪ್ಪನ ಪೆಟ್ಟಿಗೆ ಇತ್ತು. ಅಪ್ಪ ತೀರ್ಥಹಳ್ಳಿ ಕಡೆ ಮರಗೆಲಸದವರು. ಏಳು ಉಳಿ, ಒಂದು ಕೀಸುಳಿ, ಒಂದು ಕೊಡತಿ, ಸುತ್ತಿಗೆ, ಇಕ್ಕಳ. ಅಣ್ಣ ಇದ್ದರೂ ನನಗೇ ಕೊಟ್ಟರು, "ಇವಳಿಗೆ ಕೈ ಓಡುತ್ತೆ" ಅಂತ. ಚಿಕ್ಕಂದಿನಿಂದ ಅವರ ಪಕ್ಕದಲ್ಲಿ ಕೂತು ಹಲಗೆ ಹಿಡಿದವಳು ನಾನು. ಇಲ್ಲಿ ಒಂದೇ ತಿಂಗಳಲ್ಲಿ ಅಡುಗೆಮನೆಯ ಕಪಾಟು ಜೋಡಿಸಿದೆ, ವಾರಾಂತ್ಯಕ್ಕೆ ಒಂದರಂತೆ ದೀಪ ಹಾಕಿದೆ. ಒಲೆಯ ಸಂಪರ್ಕ ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದೆವು, ನೀವೂ ಅದಕ್ಕೆ ಕೈ ಹಾಕಬೇಡಿ.

ಕೆಲಸ ಮುಗಿದ ಮೇಲೆ ಪೆಟ್ಟಿಗೆ ಎಲ್ಲಿಡುವುದು ಅನ್ನುವ ಪ್ರಶ್ನೆ ಬಂತು. ಮನೆಯಲ್ಲಿ ಜಾಗ ಇಲ್ಲ. ಕೆಳಗೆ ನೆಲಮಾಳಿಗೆಯಲ್ಲಿ ಪ್ರತಿ ಮನೆಗೂ ಒಂದು ಗೂಡು, ಮರದ ಪಟ್ಟಿ ಹೊಡೆದು ಬೀಗ ಹಾಕಿದ್ದು. ಅದೇ ಕೆಲ್ಲರ್. ಇದಕ್ಕಾಗಿಯೇ ಅಲ್ವಾ ಇದು ಅಂದುಕೊಂಡು, ಉಪಕರಣಗಳನ್ನೆಲ್ಲ ಒಂದು ರಟ್ಟಿನ ಡಬ್ಬಕ್ಕೆ ಹಾಕಿ, ಗೋಡೆಗೆ ಒತ್ತಿ, ನೆಲದ ಮೇಲೆ ಇಟ್ಟು ಬಂದೆ. ಚಳಿ ದೇಶ, ಮಳೆಗಾಲ ಇಲ್ಲ, ಕಬ್ಬಿಣಕ್ಕೆ ಏನಾಗುತ್ತದೆ ಅನ್ನುವುದು ನನ್ನ ಲೆಕ್ಕ.

ಆ ಲೆಕ್ಕ ತಪ್ಪು. ಯಾಕೆ ಅಂತ ಹೇಳುತ್ತೇನೆ, ಯಾಕಂದರೆ ಈ ಊರಿನಲ್ಲಿ ಎಲ್ಲರೂ ಮಾಡುವ ತಪ್ಪು ಇದು. ಸ್ಟುಟ್‌ಗಾರ್ಟ್ ಗುಡ್ಡಗಳ ನಡುವೆ ಬಾಣಲೆಯ ಹಾಗೆ ಕೂತ ಊರು. ಬೇಸಿಗೆಯಲ್ಲಿ ಸೆಕೆ ನಿಂತುಬಿಡುತ್ತದೆ. ಮಣ್ಣಿನ ಒಳಗಿರುವ ಕೆಲ್ಲರ್ ಗೋಡೆ ಮಾತ್ರ ತಣ್ಣಗೇ ಇರುತ್ತದೆ. ಮುಗ್ಗಲು ವಾಸನೆ ಬಂತು ಅಂತ ನೀವು ಜುಲೈ ಮಧ್ಯಾಹ್ನ ಕಿಟಕಿ ತೆಗೆದಿರಿ ಅಂತಿಟ್ಟುಕೊಳ್ಳಿ. ಹೊರಗಿನ ಬಿಸಿ, ತೇವದ ಗಾಳಿ ಒಳಗೆ ಬಂದು ತಣ್ಣನೆ ಗೋಡೆಗೆ, ತಣ್ಣನೆ ಕಬ್ಬಿಣಕ್ಕೆ ತಾಗಿ ನೀರಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತದಲ್ಲ, ಹಾಗೆ. ಒಣಗಿಸಲು ಅಂತ ಕಿಟಕಿ ತೆಗೆದಷ್ಟೂ ಒದ್ದೆ ಜಾಸ್ತಿ. ರಟ್ಟು ಆ ನೀರನ್ನು ಹೀರಿಕೊಂಡು ಕಬ್ಬಿಣಕ್ಕೆ ಅಂಟಿಕೊಂಡೇ ಇರುತ್ತದೆ. ಬೇಸಿಗೆಯಲ್ಲಿ ಗಾಳಿ ಆಡಿಸುವುದಾದರೆ ರಾತ್ರಿ ಅಥವಾ ಬೆಳಗಿನ ಜಾವ, ಹೊರಗೆ ತಂಪಿದ್ದಾಗ. ಚಳಿಗಾಲದಲ್ಲಿ ಹಗಲೂ ತೆಗೆಯಬಹುದು.

ಇದು ನನಗೆ ಗೊತ್ತಾಗುವ ಹೊತ್ತಿಗೆ ಮೂರು ಬೇಸಿಗೆ ಕಳೆದಿತ್ತು. ಒಂದು ದಿನ ಸುತ್ತಿಗೆ ಬೇಕು ಅಂತ ಕೆಳಗಿಳಿದು ಡಬ್ಬಕ್ಕೆ ಕೈ ಹಾಕಿದೆ. ತಳ ಕಿತ್ತು ಬಂತು. ಉಳಿಗಳ ಬಾಯಿ ಕೆಂಪಾಗಿತ್ತು, ಹಿಡಿಯ ಮೇಲೆ ಬಿಳೀ ಬೂಷ್ಟು. ಅಪ್ಪನ ಹೆಬ್ಬೆರಳು ಉಜ್ಜಿ ಉಜ್ಜಿ ನಯವಾದ ಜಾಗ ಇತ್ತಲ್ಲ, ಅಲ್ಲೇ. ಡಬ್ಬವನ್ನು ಬದಲಾಯಿಸಿ, ಎಲ್ಲವನ್ನೂ ಹಾಗೇ ತುಂಬಿಸಿ, ಮುಚ್ಚಿ ಮೇಲೆ ಬಂದೆ. ನೋಡಲು ಆಗಲಿಲ್ಲ.

ಅಪ್ಪ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದರು. "ಉಳಿ ಹೇಗಿದೆ ಮಗಳೇ? ಸಾಣೆ ಹಿಡಿಸಿದ್ಯಾ?" ಚೆನ್ನಾಗಿದೆ ಅಪ್ಪ ಅನ್ನುತ್ತಿದ್ದೆ.

2007ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಎರಡು ತಿಂಗಳಿಗೆ ಬಂದರು. ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಅಜ್ಜ ಇದ್ದರು, ಕಾರ್ಖಾನೆಯಿಂದ ನಿವೃತ್ತರಾದವರು. ಅಪ್ಪನಿಗೆ ಜರ್ಮನ್ ಬಾರದು, ಅವರಿಗೆ ಕನ್ನಡ ಬಾರದು. ಅಪ್ಪನ ಅಂಗೈ ನೋಡಿಯೇ ಅವರಿಗೆ ಕಸುಬು ಗೊತ್ತಾಯಿತು. ಒಂದು ದಿನ ಕೈ ಹಿಡಿದು ತಮ್ಮ ಕೆಲ್ಲರಿಗೆ ಕರೆದುಕೊಂಡು ಹೋದರು. ಗೋಡೆಗೆ ಹಲಗೆ ಹೊಡೆದು, ಒಂದೊಂದು ಉಪಕರಣದ ಆಕಾರವನ್ನೂ ಅದರ ಮೇಲೆ ಬಣ್ಣದಲ್ಲಿ ಬರೆದು, ಅಲ್ಲಲ್ಲೇ ನೇತುಹಾಕಿದ್ದರು. ಫೈನ್ ಅನ್ನುವ ಕಂಪನಿಯ ತಮ್ಮ ಹಳೇ ಡ್ರಿಲ್ಲನ್ನು ಅಪ್ಪನ ಕೈಗೆ ಕೊಟ್ಟರಂತೆ. ಕೈಯಲ್ಲಿ ಹಿಡಿದು ಕೊರೆಯುವ ವಿದ್ಯುತ್ ಡ್ರಿಲ್ಲನ್ನು ಮೊದಲು ಮಾಡಿದ್ದು ಆ ಕಂಪನಿಯೇ, ಇದೇ ಸ್ಟುಟ್‌ಗಾರ್ಟ್‌ನಲ್ಲಿ, 1895ರಲ್ಲಿ. ನಾನು ಇದನ್ನು ಹೇಳಿದಾಗ ಅಪ್ಪನ ಮುಖ ಅರಳಬೇಕಿತ್ತು. ಅರಳಲಿಲ್ಲ.

ವಾಪಸ್ ಬರುವಾಗ ನಮ್ಮ ಗೂಡಿನ ಮರದ ಪಟ್ಟಿಗಳ ಸಂದಿನಿಂದ ಅಪ್ಪನಿಗೆ ಒಳಗೆ ಕಂಡಿತ್ತು. ಡಬ್ಬದ ಬಾಯಿಂದ ಕೀಸುಳಿಯ ಹಿಡಿ ಹೊರಗೆ ಚಾಚಿತ್ತು.

ನನ್ನನ್ನು ಏನೂ ಕೇಳಲಿಲ್ಲ. ಮಾರನೇ ದಿನ ಕೀಲಿ ಇಸ್ಕೊಂಡು ಹೋಗಿ ಡಬ್ಬ ತಂದರು. ಬಾಲ್ಕನಿಯಲ್ಲಿ ಪೇಪರ್ ಹಾಸಿ ಕೂತು ಎಮರಿ ಪೇಪರಿನಿಂದ ಉಜ್ಜಿದರು. ಮೂರು ದಿನ. ಮೇಲಿನ ಅಜ್ಜ ಒಂದು ಎಣ್ಣೆ ಡಬ್ಬಿ ತಂದುಕೊಟ್ಟು ಪಕ್ಕದಲ್ಲಿ ಸುಮ್ನೆ ಕೂತಿದ್ದರು. ಐದು ಉಳಿ ಉಳಿದವು. ಎರಡರಲ್ಲಿ ತುಕ್ಕು ಒಳಗೆ ಇಳಿದು ಗುಳಿ ಬಿದ್ದಿತ್ತು, ಅವು ಮತ್ತೆ ಬಾಯಿ ಹಿಡಿಯಲಿಲ್ಲ. ಆಗ ಅಪ್ಪ ಹೇಳಿದ್ದು ಇಷ್ಟು: "ಮಳೆಗಾಲದಲ್ಲಿ ಇವನ್ನೆಲ್ಲ ಅಟ್ಟಕ್ಕೆ ಯಾಕೆ ಇಡ್ತೀವಿ ಅಂತ ನಿನಗೆ ನಾನು ಹೇಳಲೇ ಇಲ್ಲ ನೋಡು."

ಆಗುಂಬೆ ಪಕ್ಕದ ಮಳೆಯಲ್ಲಿ ನಲವತ್ತು ವರ್ಷ ಆ ಕಬ್ಬಿಣಕ್ಕೆ ಒಂದು ಚುಕ್ಕೆ ತುಕ್ಕು ಹಿಡಿದಿರಲಿಲ್ಲ. ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ಆಡುವ ಕಡೆ, ಎಣ್ಣೆ ಬಟ್ಟೆ ಸುತ್ತಿ ಇಡುತ್ತಿದ್ದರು. ನಾನು ಅದನ್ನು ದಿನಾ ನೋಡಿದವಳು. ತಪ್ಪನ್ನು ಅವರು ತಮ್ಮ ಮೇಲೆ ಹಾಕಿಕೊಂಡರು. ಫೋನಿನಲ್ಲಿ ಸುಳ್ಳು ಹೇಳಿದೆ ಅಪ್ಪ, ತಪ್ಪಾಯ್ತು ಅಂತ ಒಂದು ಮಾತು ಆಗ ಬಾಯಿಂದ ಬರಲಿಲ್ಲ. 2011ರಲ್ಲಿ ಅವರು ತೀರಿಕೊಂಡರು.

ಆಯುಧ ಪೂಜೆಗೆ ಊರಿನಲ್ಲಿ ಏನು ಮಾಡುತ್ತೇವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಎಲ್ಲವನ್ನೂ ಇಳಿಸಿ, ಒರೆಸಿ, ಎಣ್ಣೆ ಹಚ್ಚಿ, ಕುಂಕುಮ ಇಡುತ್ತೇವೆ. ಇಲ್ಲಿ ಮೊದಲ ವರ್ಷಗಳಲ್ಲಿ ಲ್ಯಾಪ್‌ಟಾಪು, ಕಾರಿನ ಕೀಲಿ, ಅಡುಗೆಮನೆ ಚಾಕು ಇಟ್ಟು ಮುಗಿಸುತ್ತಿದ್ದೆ. ಕೆಲಸದ ದಿನ, ಸಂಜೆ ಕತ್ತಲು, ಕೆಳಗೆ ಯಾರು ಹೋಗುತ್ತಾರೆ ಅಂತ. ಮೊದಲ ವರ್ಷವೇ ಒಮ್ಮೆ ಮೂರು ಮಹಡಿ ಇಳಿದಿದ್ದರೆ ಆ ಎರಡು ಉಳಿ ಉಳಿಯುತ್ತಿದ್ದವು.

ಹಾಗಾಗಿ ನಿಮ್ಮ ಅಪ್ಪನ ಸ್ಪ್ಯಾನರ್‌ಗಳು ಮನೆಯ ಒಳಗಿರಲಿ. 48 ಚದರ ಮೀಟರಿನಲ್ಲೂ ಜಾಗ ಸಿಗುತ್ತದೆ. ಅಡುಗೆಮನೆ ಕಪಾಟುಗಳ ಕೆಳಗೆ, ಕಾಲುಗಳನ್ನು ಮುಚ್ಚಲು ಒಂದು ಉದ್ದ ಪಟ್ಟಿ ಇರುತ್ತದೆ. ಅದನ್ನು ಎಳೆದರೆ ಹಿಂದೆ ಸ್ವಲ್ಪ ಎತ್ತರದ ಖಾಲಿ ಜಾಗ. ಚಪ್ಪಟೆ ಟ್ರೇ ಒಂದು ಅಲ್ಲಿ ಚೆನ್ನಾಗಿ ಕೂರುತ್ತದೆ. ಸಿಂಕಿನ ಕೆಳಗೆ ಮಾತ್ರ ಬೇಡ, ಅಲ್ಲಿ ತೇವ. ನನ್ನ ಐದು ಉಳಿ ಈಗ ಹಜಾರದ ಕೋಟು ಕಪಾಟಿನ ಬಾಗಿಲ ಒಳಮೈಗೆ ನೇತುಹಾಕಿದ, ನಾನೇ ಹೊಲಿದ ಬಟ್ಟೆ ಜೇಬುಗಳಲ್ಲಿವೆ. ಕೋಟು ತೆಗೆಯುವಾಗೆಲ್ಲ ಕಣ್ಣಿಗೆ ಬೀಳುತ್ತವೆ. ಮಗು ಇದ್ದರೆ ಎತ್ತರದಲ್ಲಿ ಹಾಕಿ. ಎಣ್ಣೆಗೆ ಹೊಲಿಗೆ ಮೆಷಿನ್ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಇಲ್ಲಿ ಗಟ್ಟಿಯಾಗುತ್ತದೆ.

ಕೆಲ್ಲರಿಗೆ ಹಾಕಬಹುದಾದ್ದು ಬಣ್ಣದ ರೋಲರ್, ಏಣಿ, ಉಳಿದ ಹಲಗೆ, ಪ್ಲಾಸ್ಟಿಕ್ ಸಾಮಾನು. ರಟ್ಟು ಬೇಡ, ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ. ಗೋಡೆಯಿಂದ ಒಂದು ಅಂಗೈ ದೂರ, ನೆಲದಿಂದ ಮೇಲೆ. ತೇವ ಅಳೆಯುವ ಹೈಗ್ರೋಮೀಟರ್ ಒಂದು ತಗೊಂಡು ತೂಗುಹಾಕಿ. ಶೇಕಡಾ 60 ದಾಟಿ ನಿಂತರೆ ಕಬ್ಬಿಣಕ್ಕೆ ಕಷ್ಟ. ಬಾಲ್ಕನಿಯಲ್ಲಿ ಡ್ರಿಲ್ ಬ್ಯಾಟರಿ ಇಡಬೇಡಿ, ಚಳಿಗಾಲದ ಹಿಮಕ್ಕೆ ಹಾಳಾಗುತ್ತದೆ. ಮನೆಯೊಳಗೆ ಅರ್ಧ ಚಾರ್ಜಿನಲ್ಲಿ ಇಡಿ. ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಯಂತ್ರ ಕೊಳ್ಳಲೇಬೇಡಿ, ಬೌಮಾರ್ಕ್ಟ್ ಅನ್ನುವ ಮನೆ ರಿಪೇರಿ ಸಾಮಾನಿನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ.

ಪರದೆ ಕೊಳವೆ ಇನ್ನೂ ಹಾಕಿಲ್ಲ ಅಂದಿರಿ. ಗೋಡೆ ಕಾಂಕ್ರೀಟ್ ಆದರೆ ಮಾಮೂಲಿ ಡ್ರಿಲ್ ಇಳಿಯುವುದಿಲ್ಲ, ಹ್ಯಾಮರ್ ಡ್ರಿಲ್ ಬೇಕು. ನನ್ನ ಹತ್ತಿರ ಇದೆ, ತರುತ್ತೇನೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬರಲಾ? ಭಾನುವಾರ ಇಲ್ಲಿ ಗೋಡೆ ಕೊರೆಯುವಂತಿಲ್ಲ. ಬರುವಾಗ ಒಂದು ಹೈಗ್ರೋಮೀಟರೂ ತರುತ್ತೇನೆ. ನಿಮ್ಮ ಅಪ್ಪನ ಪೆಟ್ಟಿಗೆ ಆಗಲೇ ಕೆಲ್ಲರಿನಲ್ಲಿದ್ದರೆ ಅಷ್ಟರೊಳಗೆ ಮೇಲಕ್ಕೆ ತಂದಿಡಿ.