ಮನೆ ಲೆಕ್ಕ ನೋಡುವ ಅಭ್ಯಾಸ ಎರಡು ವಾರಕ್ಕೇ ನಿಂತುಹೋಗುತ್ತದೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಬೆಂಗಳೂರಲ್ಲಿ ಕೆಲಸ, ಸಂಬಳ ಚೆನ್ನಾಗಿಯೇ ಬರುತ್ತದೆ, ಆದರೆ 20ನೇ ತಾರೀಖಿನ ಹೊತ್ತಿಗೆ ಅಕೌಂಟ್ ಖಾಲಿ. ಖರ್ಚು ಬರೆಯುವ ಆ್ಯಪ್ ಹಾಕಿಕೊಂಡಿರಿ, ಎಕ್ಸೆಲ್ ಶೀಟ್ ಮಾಡಿದಿರಿ, ಎರಡೂ ಎರಡು ವಾರ ದಾಟಲಿಲ್ಲ. ನನಗೆ ಶಿಸ್ತೇ ಇಲ್ಲ ಅಂತ ಬೈದುಕೊಂಡಿದ್ದೀರಿ.

ಬೈದುಕೊಳ್ಳಬೇಡಿ. ಖರ್ಚು ಬರೆದಿಡುವ ಕೆಲಸವೇ ಈಗ ಬೇಕಿಲ್ಲ. ನಾನು ರಾಜಾಜಿನಗರದಲ್ಲಿ ಒಂದು ಚಿಕ್ಕ ಕಂಪನಿಯ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಅಲ್ಲಿ ನಾವು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಒಂದೊಂದು ಸಾಲೂ ಯಾವುದರದ್ದು ಅಂತ ತಾಳೆ ನೋಡಿ ಟಿಕ್ ಹಾಕುತ್ತೇವೆ. ಮನೆಗೂ ಅದೇ ಸಾಕು. 2016ರಲ್ಲಿ ಯುಪಿಐ ಬಂತು. ಈಗ ಎಳನೀರಿನಿಂದ ಹಿಡಿದು ಬಾಡಿಗೆ ತನಕ ನಿಮ್ಮ ಖರ್ಚನ್ನೆಲ್ಲ ಬ್ಯಾಂಕೇ ಬರೆದಿಡುತ್ತಿದೆ. ನೀವು ಓದಿದರಾಯ್ತು.

ವಾರಕ್ಕೊಮ್ಮೆ ಓದಿ. ತಿಂಗಳಿಗೊಮ್ಮೆ ಅಂದರೆ ತಡವಾಯ್ತು. ಯಾಕೆ ಅಂತ ಒಂದು ಸಾಲು ನೋಡಿದರೆ ಗೊತ್ತಾಗುತ್ತದೆ. ಚಿಕ್ಕ ಅಂಗಡಿಗಳ ಕ್ಯೂಆರ್ ಕೋಡ್ ಹೆಚ್ಚಾಗಿ ಓನರ್ ಹೆಸರಲ್ಲಿರುತ್ತದೆ. ಸ್ಟೇಟ್‌ಮೆಂಟ್‌ನಲ್ಲಿ ‘ಮಂಜುನಾಥ, 160 ರೂಪಾಯಿ’ ಅಂತ ಇರುತ್ತದೆ, ಹೋಟೆಲ್ ಹೆಸರು ಎಲ್ಲೂ ಇರುವುದಿಲ್ಲ. ವಾರದೊಳಗೆ ನೋಡಿದರೆ, ಓ, ಮಂಗಳವಾರ ಮೆಟ್ರೋ ಇಳಿದ ಮೇಲೆ ಆ ದರ್ಶಿನಿಯಲ್ಲಿ ತಿಂದ ದೋಸೆ ಅಂತ ತಕ್ಷಣ ನೆನಪಾಗುತ್ತದೆ. ತಿಂಗಳು ಕಳೆದರೆ ಈ ಮಂಜುನಾಥ ಯಾರು ಅಂತ ದೇವರೇ ಹೇಳಬೇಕು. ಅಂಥ ಹತ್ತಿಪ್ಪತ್ತು ಸಾಲು ಸೇರಿದಾಗ ತಲೆ ಕೆಟ್ಟು ಲ್ಯಾಪ್‌ಟಾಪ್ ಮುಚ್ಚುತ್ತೀರಿ. ಅಭ್ಯಾಸ ಮುರಿದುಬೀಳುವುದು ಅಲ್ಲೇ.

ವಾರದ ಲೆಕ್ಕಕ್ಕೆ ಇನ್ನೂ ದೊಡ್ಡ ಕಾರಣ ಇದೆ. ನಿಮ್ಮದೂ ತಪ್ಪಿಲ್ಲ, ಬ್ಯಾಂಕಿನದೂ ತಪ್ಪಿಲ್ಲ, ಮೂರನೆಯವರ ಮೋಸದಿಂದ ಅಕೌಂಟಿನ ದುಡ್ಡು ಹೋಯ್ತು ಅಂದುಕೊಳ್ಳಿ. ಆರ್‌ಬಿಐ 2017ರಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. 4ರಿಂದ 7 ದಿನವಾದರೆ ಒಂದು ಮಿತಿಯ ತನಕ ನೀವು ಹೊರಬೇಕು. ಅದೂ ದಾಟಿದರೆ ಆ ಬ್ಯಾಂಕಿನ ಪಾಲಿಸಿ ಏನು ಹೇಳುತ್ತದೋ ಅದು. ಗೊತ್ತಿಲ್ಲದ ಸಾಲು ಕಂಡ ಕೂಡಲೇ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ನಾಳೆ ನೋಡೋಣ ಅನ್ನಬೇಡಿ.

ನಮ್ಮ ಮನೆಯಲ್ಲಿ ಶನಿವಾರ ಬೆಳಿಗ್ಗೆ ತಿಂಡಿ ಆದಮೇಲೆ ನಾನೂ ನಮ್ಮ ಯಜಮಾನರೂ ಕೂರುತ್ತೇವೆ. ಕಾಲು ಗಂಟೆ, ಜಾಸ್ತಿ ಅಂದರೆ ಇಪ್ಪತ್ತು ನಿಮಿಷ. ಅವರು ಸಾಲು ಓದುತ್ತಾರೆ, ನಾನು ‘ಹ್ಞಾಂ, ತರಕಾರಿ’, ‘ಹ್ಞಾಂ, ಮಗಳ ಆಟೋ’ ಅನ್ನುತ್ತೇನೆ. ಒಂದೇ ಒಂದು ನಿಯಮ: ಆ ಹೊತ್ತಿನಲ್ಲಿ ಯಾರೂ ಯಾರನ್ನೂ ‘ಇದು ಯಾಕೆ ಬೇಕಿತ್ತು’ ಅಂತ ಕೇಳುವಂತಿಲ್ಲ. ಇದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ. ಲೆಕ್ಕ ನೋಡಲು ಕೂತಾಗಲೆಲ್ಲ ಬೈಗುಳ ಸಿಕ್ಕರೆ, ಬೇರೆಯವರಿಂದಾಗಲಿ ನಮ್ಮಿಂದಲೇ ಆಗಲಿ, ಮುಂದಿನ ವಾರ ಯಾರಿಗೆ ಕೂರಲು ಮನಸ್ಸಾಗುತ್ತದೆ? ಖರ್ಚು ಕಡಿಮೆ ಮಾಡುವ ಮಾತು ಬೇಕಿದ್ದರೆ ಸಂಜೆ ವಾಕಿಂಗ್ ಹೋದಾಗ ಆಡಿ. ಎಷ್ಟೋ ಸಲ ಆಡುವುದೇ ಬೇಕಾಗುವುದಿಲ್ಲ. ರಾತ್ರಿ ಹತ್ತರ ಮೇಲೆ ತರಿಸಿಕೊಂಡ ಐಸ್‌ಕ್ರೀಮ್ ಒಂದೇ ವಾರದಲ್ಲಿ ನಾಲ್ಕು ಸಲ ಕಂಡರೆ ಮನುಷ್ಯ ತಾನಾಗಿಯೇ ಸುಮ್ಮನಾಗುತ್ತಾನೆ.

ಸಾಲು ಓದಿ ಮುಗಿದ ಮೇಲೆ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಪಟ್ಟಿ ತೆರೆಯಿರಿ. ಇದಕ್ಕೆ ಒಮ್ಮೆ ಪಿನ್ ಹಾಕಿ ಒಪ್ಪಿಗೆ ಕೊಟ್ಟರೆ, ಸಾಮಾನ್ಯವಾಗಿ 15,000 ರೂಪಾಯಿ ತನಕ ಮತ್ತೆ ಪಿನ್ ಕೇಳದೆ ದುಡ್ಡು ಹೋಗುತ್ತಿರುತ್ತದೆ. ಹಿಂದಿನ ದಿನ ಮೆಸೇಜ್ ಬರುತ್ತದೆ ನಿಜ, ಆದರೆ ಅಷ್ಟೊಂದು ಮೆಸೇಜ್ ಮಧ್ಯೆ ಅದನ್ನು ಓದುವವರು ಯಾರು? ನೋಡದೇ ಇರುವ ಓಟಿಟಿ, ಹೋಗದೇ ಇರುವ ಜಿಮ್, ಎಲ್ಲ ಇಲ್ಲೇ ಸಿಗುತ್ತವೆ. ಬೇಡದ್ದನ್ನು ಅಲ್ಲೇ ರದ್ದು ಮಾಡಬಹುದು.

ಕ್ರೆಡಿಟ್ ಕಾರ್ಡ್ ಇದ್ದರೆ ಬಿಲ್ ಬಂದ ವಾರ ಒಂದೈದು ನಿಮಿಷ ಜಾಸ್ತಿ ಕೊಡಿ. 40,000 ರೂಪಾಯಿ ಬಿಲ್, ಕಟ್ಟಲೇಬೇಕಾದ ಕನಿಷ್ಠ ಮೊತ್ತ 5% ಅಂದರೆ 2,000. ಸದ್ಯಕ್ಕೆ ಅಷ್ಟು ಕಟ್ಟೋಣ ಅನ್ನಿಸುತ್ತದೆ ಅಲ್ವಾ? ತಿಂಗಳಿಗೆ 3.5% ಬಡ್ಡಿ ಅಂತ ಇಟ್ಟುಕೊಳ್ಳಿ, ಹಲವು ಕಾರ್ಡ್‌ಗಳಲ್ಲಿ ಅದರ ಆಸುಪಾಸೇ ಇರುತ್ತದೆ. ಉಳಿದ 38,000ಕ್ಕೆ ಒಂದು ತಿಂಗಳ ಬಡ್ಡಿ 1,330, ಅದರ ಮೇಲೆ 18% ಜಿಎಸ್‌ಟಿ. ಅಲ್ಲಿಗೆ ಕಟ್ಟಿದ 2,000ದಲ್ಲಿ ಅಸಲಿಗೆ ಸೇರುವುದು ನಾಲ್ಕು ನೂರು ಚಿಲ್ಲರೆ ಮಾತ್ರ. ಬಾಕಿ ಪೂರ್ತಿ ತೀರುವ ತನಕ ಹೊಸದಾಗಿ ಉಜ್ಜಿದ್ದಕ್ಕೂ ಮೊದಲ ದಿನದಿಂದಲೇ ಬಡ್ಡಿ. ನೋಡಲು ಹೆದರಿ ಬಿಲ್ ತೆರೆಯದವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಆ ಹೆದರಿಕೆಗೂ ಬಡ್ಡಿ ಬೀಳುತ್ತಿರುತ್ತದೆ.

ವರ್ಷಕ್ಕೊಮ್ಮೆ ಬರುವ ಖರ್ಚುಗಳು ಬೇರೆ ಜಾತಿ. ಮೇ–ಜೂನ್‌ನಲ್ಲಿ ಸ್ಕೂಲ್ ಫೀಸು, ಆಮೇಲೆ ವರಮಹಾಲಕ್ಷ್ಮಿ, ಗೌರಿ–ಗಣೇಶ, ಗಾಡಿ ಇನ್ಶೂರೆನ್ಸ್, 11 ತಿಂಗಳ ಅಗ್ರಿಮೆಂಟ್ ಮುಗಿದಾಗ ಏರುವ ಬಾಡಿಗೆ. ಇವನ್ನೆಲ್ಲ ಕೂಡಿ 12ರಿಂದ ಭಾಗಿಸಿ, ಸಂಬಳ ಬಂದ ದಿನವೇ ಅಷ್ಟನ್ನು ಬೇರೆ ಅಕೌಂಟಿಗೆ ಹಾಕಿ. 20ನೇ ತಾರೀಖಿಗೆ ದುಡ್ಡು ಮುಗಿಯುವ ಎಷ್ಟೋ ಮನೆಗಳಲ್ಲಿ ನಿಜವಾದ ತೂತು ಇದು, ಕಾಫಿ–ತಿಂಡಿ ಅಲ್ಲ. ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ಇದ್ದರೆ ಅದನ್ನೂ 5ನೇ ತಾರೀಖಿನೊಳಗೆ ಕಟ್ಟಿಬಿಡಿ, ಆಮೇಲೆ ಕಟ್ಟಿದ್ದಕ್ಕೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ. ಪ್ರಧಾನಮಂತ್ರಿ ಹೆಸರಿನ ಜೀವ ವಿಮೆ, ಅಪಘಾತ ವಿಮೆಗಳ ವರ್ಷದ ಕಂತು 436 ಮತ್ತು 20 ರೂಪಾಯಿ ಮೇ ಕೊನೆಯಲ್ಲಿ ಕಟ್ ಆಗುತ್ತವೆ. ಆಗ ಅಕೌಂಟಿನಲ್ಲಿ ದುಡ್ಡಿಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಅಪ್ಪ–ಅಮ್ಮನ ಪಾಸ್‌ಬುಕ್ಕನ್ನೂ ಆ ವಾರ ಒಮ್ಮೆ ನೋಡಿ.

ಈ ಶನಿವಾರ ಹಿಂದಿನ ಏಳು ದಿನ ಮಾತ್ರ ತೆಗೆಯಿರಿ. ಹಳೆಯ ತಿಂಗಳುಗಳನ್ನು ಕೆದಕಬೇಡಿ, ಬಜೆಟ್ ಹಾಕಬೇಡಿ. ಮದುವೆ, ಊರು ಅಂತ ಒಂದು ವಾರ ತಪ್ಪಿದರೆ ಮುಂದಿನ ಶನಿವಾರ ಎರಡು ವಾರದ ಸಾಲು ಓದಿ, ಅಷ್ಟೇ. ಕಾರ್ಡ್ ಬಾಕಿ ಏನಾದರೂ ಉಳಿದಿದ್ದರೆ ಎಷ್ಟು, ಬಡ್ಡಿ ಎಷ್ಟು ಅಂತ ಇಲ್ಲೇ ಬರೆಯಿರಿ. ಯಾವುದನ್ನು ಮೊದಲು ತೀರಿಸಬೇಕು ಅಂತ ಕೂತು ಲೆಕ್ಕ ಹಾಕಿ ಹೇಳುತ್ತೇನೆ.